ಪ್ರತಿ ವರ್ಷ ಅಮೆರಿಕದ ನ್ಯೂಜೆರ್ಸಿಯಲ್ಲಿರೋ ನಮ್ಮನೆಯ ಸಕ್ಕರೆ ನೀರಿನ ಫೀಡರ್‌ಗೆ ಬರೋದು ಅದೇ ಹಮ್ಮಿಂಗ್‌ಬರ್ಡಾ? ಸಕ್ಕರೆ ಬದಲು ಬೆಲ್ಲದ ನೀರು ಇಡಬಹುದಾ?

ಅದೇ ಇರೋ ಚಾನ್ಸ್ ಚೆನ್ನಾಗೇ ಇದೆ, ಆದ್ರೆ ಬರೋದೆಲ್ಲಾ ಅದೇ ಅಲ್ಲ. ನ್ಯೂಜೆರ್ಸಿ ಅಂದ್ರಲ್ಲ, ಹಾಗಾದ್ರೆ ಅದು ರೂಬಿ-ಥ್ರೋಟೆಡ್ ಅನ್ನೋ ಜಾತಿ, ನಾವಿರೋ ನಾರ್ತ್ ಕ್ಯಾರೊಲಿನಾಗೂ ಬರೋದು ಅದೇ, ಮೂರು ಗ್ರಾಂ ಚಿಲ್ಲರೆ ತೂಕ ಇಟ್ಕೊಂಡು ಚಳಿಗಾಲಕ್ಕೆ ಮೆಕ್ಸಿಕೊ, ಮಧ್ಯ ಅಮೆರಿಕ ಕಡೆ ಹೋಗಿ ವಾಪಸ್ ಬರುತ್ತೆ. ಕಾಲಿಗೆ ರಿಂಗ್ ಹಾಕಿ ಬಿಟ್ಟ ಹಕ್ಕಿಗಳು ಮುಂದಿನ ವರ್ಷ ಅದೇ ಹಿತ್ತಲಲ್ಲಿ ಮತ್ತೆ ಸಿಕ್ಕಿರೋದು ದಾಖಲಾಗಿದೆ, ಹಾಗೆ ರಿಂಗ್ ಹಾಕಿದ್ದ ಒಂದು ಹೆಣ್ಣು 9 ವರ್ಷ ದಾಟಿ ಬದುಕಿತ್ತು.

ನಮ್ಮನೇಲಿ ಏಪ್ರಿಲ್‌ನಲ್ಲಿ ಫೀಡರ್ ಇನ್ನೂ ಗ್ಯಾರೇಜಲ್ಲೇ ಬಿದ್ದಿರುವಾಗ ಒಂದು ಗಂಡು ಬಂದು ಡೆಕ್ ಪಕ್ಕದ ಖಾಲಿ ಹುಕ್ ಕೆಳಗೆ, ಸರಿಯಾಗಿ ಫೀಡರ್ ನೇತಾಡ್ತಿದ್ದ ಎತ್ತರದಲ್ಲೇ, ಗಾಳೀಲಿ ನಿಂತ್ಕೊಂಡು ಆ ಕಡೆ ಈ ಕಡೆ ನೋಡುತ್ತೆ, ಹೊಸ ಹಕ್ಕಿಗೆ ಅಲ್ಲೇನಿತ್ತು ಅಂತ ಹೇಗ್ ಗೊತ್ತಾಗ್ಬೇಕು ಹೇಳಿ.

ಆದ್ರೆ ಕತ್ತು ಕೆಂಪಗಿದೆ, ಅದೇ ಇದು ಅಂತ ಗುರುತು ಹಿಡಿಯೋಕೆ ಹೋಗ್ಬೇಡಿ. ಬೆಳೆದ ಗಂಡುಗಳಿಗೆಲ್ಲಾ ಕೆಂಪೇ, ಅದೂ ಬಣ್ಣ ಅಲ್ಲ, ಪುಕ್ಕದ ಮೇಲೆ ಬೆಳಕು ಬೀಳೋ ಕೋನದ ಆಟ, ಒಂದೇ ಹಕ್ಕಿ ಪಕ್ಕಕ್ಕೆ ತಿರುಗಿದ್ರೆ ಕತ್ತು ಕಪ್ಪಗೆ ಕಾಣುತ್ತೆ, ನಿಮ್ಮ ಕಡೆ ತಿರುಗಿದ ತಕ್ಷಣ ಧಗ್ ಅನ್ನುತ್ತೆ. ಇನ್ನು ಬಸ್ ಸೀಟಿಗೆ ಟವೆಲ್ ಹಾಕಿದವರ ಥರ ಒಂದೇ ಗಂಡು ಇಡೀ ಫೀಡರ್ ನಂದು ಅಂತ ಉಳಿದವನ್ನ ಓಡಿಸ್ತಾ ಇರುತ್ತಲ್ಲ, ಅದಕ್ಕೇ ನಮಗೆ ಒಂದೇ ಹಕ್ಕಿ ಇದೆ ಅನ್ಸೋದು. ಇನ್ನೊಂದು ಫೀಡರನ್ನ ಅದರ ಕಣ್ಣಿಗೆ ಬೀಳದ ಹಾಗೆ ಮನೆಯ ಇನ್ನೊಂದು ಪಕ್ಕದಲ್ಲಿ ಹಾಕಿ, ಆಮೇಲೆ ಎಣಿಸಿ ನೋಡಿ. ಆಗಸ್ಟ್ ಗಲಾಟೆನೇ ಬೇರೆ, ದೊಡ್ಡ ಗಂಡುಗಳು ಮೊದಲು ಹೊರಟುಬಿಡ್ತವೆ, ಆಮೇಲೆ ಬರೋದ್ರಲ್ಲಿ ಹೆಚ್ಚಿನವು ಆ ವರ್ಷದ ಮರಿಗಳು, ಹೆಣ್ಣುಗಳು, ಉತ್ತರದಿಂದ ಇಳಿಯುತ್ತಾ ದಾರೀಲಿ ಕುಡಿದು ಹೋಗೋವು.

ಬೆಲ್ಲ ಮಾತ್ರ ಬೇಡವೇ ಬೇಡ. ನಮಗೆ ಒಳ್ಳೇದು ಅಂತ ಅದಕ್ಕೂ ಒಳ್ಳೇದಲ್ಲ, ಅದರಲ್ಲಿರೋ ಕಬ್ಬಿಣದಂಶ ಈ ಹಕ್ಕಿಗಳಿಗೆ ಆಗಲ್ಲ. ಜೇನೂ ಬೇಡ, ನೀರಿಗೆ ಬಿದ್ರೆ ಬೇಗ ಹುಳಿ ಬಂದು ಬೂಸ್ಟು ಹಿಡಿಯುತ್ತೆ. ಒಂದು ಕಪ್ ಬಿಳಿ ಸಕ್ಕರೆಗೆ ನಾಲ್ಕು ಕಪ್ ನೀರು, ಅಷ್ಟೇ, ಕೆಂಪು ಬಣ್ಣ ಹಾಕೋದು ದಂಡ. ಬಿಸಿಲು ಜಾಸ್ತಿ ಇದ್ರೆ ಎರಡು ದಿನಕ್ಕೊಮ್ಮೆ ಚೆಲ್ಲಿ ತೊಳೆದು ಹೊಸದು ಹಾಕಿ.

ಅಂದಹಾಗೆ ನಿಮ್ಮಮ್ಮ ಊರಲ್ಲಿ ದಾಸವಾಳದ ಗಿಡಕ್ಕೂ ಇದೇ ಬರುತ್ತೆ ಅಂತಾರೆ ಅಂದ್ರಲ್ಲ, ಅದು ಸೂರಕ್ಕಿ, ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳು ಬಿಟ್ಟು ಬೇರೆಲ್ಲೂ ಇಲ್ಲ. ಮತ್ತೆ ಫೀಡರ್ ತೆಗೀದಿದ್ರೆ ಅವು ವಲಸೆ ಹೋಗದೆ ಚಳಿಗೆ ಸಿಕ್ಕಿ ಸಾಯ್ತವೆ ಅಂತ ಪಕ್ಕದ ಮನೆಯವರು ಹೆದರಿಸಿದ್ರೆ ತಲೆ ಕೆಡಿಸ್ಕೋಬೇಡಿ, ಹಗಲು ಚಿಕ್ಕದಾಗ್ತಿದ್ದ ಹಾಗೆ ಅವು ತಾವಾಗೇ ಹೊರಡ್ತವೆ, ಕೊನೇ ಹಕ್ಕಿ ಕಂಡಮೇಲೂ ಒಂದೆರಡು ವಾರ ಇಟ್ಟಿರಿ, ತಡವಾಗಿ ಹೊರಟವಕ್ಕೆ ಆಗುತ್ತೆ.