ಬಾಗೇಪಲ್ಲಿ ಕಡೆಯ ಸಣ್ಣ ಟ್ರಸ್ಟ್ ಎಐ ಬಳಕೆಯನ್ನು ಎಲ್ಲಿಂದ ಶುರು ಮಾಡಬೇಕು?

ನಿಮ್ಮದು ಬಾಗೇಪಲ್ಲಿ ತಾಲ್ಲೂಕಿನಲ್ಲಿ ಸ್ವಸಹಾಯ ಸಂಘ, ಮಕ್ಕಳ ಸಂಜೆ ಪಾಠ ನಡೆಸುವ ನಾಲ್ಕು ಜನರ ಟ್ರಸ್ಟ್. ಕಂಪನಿಯೊಂದು ಕುಡಿಯುವ ನೀರಿನ ಘಟಕಕ್ಕೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಹಣ) ಪ್ರಪೋಸಲ್ ಕೇಳಿದೆ, ಅದನ್ನು ಎಐ ಕೈಲಿ ಬರೆಸಬಹುದೇ ಎಂದು ಕೇಳಿದ್ದೀರಿ. ಬರೆಸಬಹುದು. ಆದರೆ ಮೊದಲು ಕೈ ಹಾಕಬೇಕಾದದ್ದು ಪ್ರಪೋಸಲ್‌ಗೆ ಅಲ್ಲ, ನಿಮ್ಮ ರಿಜಿಸ್ಟರ್‌ಗೆ. ಅಂಕಿಅಂಶ ನಿಮ್ಮಿಂದ ಹೋಗದಿದ್ದರೆ ಎಐ ತಾನೇ ಒಂದು ಸಂಖ್ಯೆ ಹುಟ್ಟಿಸಿ, ನಂಬುವ ಹಾಗೆ ಬರೆದುಬಿಡುತ್ತದೆ.

ನಮ್ಮ ಭಾಗಕ್ಕೆ ಇದರ ಅಪಾಯ ಇನ್ನೂ ಹೆಚ್ಚು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರು ಎಲ್ಲವೂ ಕೋಲಾರದ ಲೆಕ್ಕದಲ್ಲೇ ಇವೆ. 2001ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 25 ಲಕ್ಷ ದಾಟಿತ್ತು, 2011ರಲ್ಲಿ ಸುಮಾರು 15.36 ಲಕ್ಷ. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಹತ್ತು ವರ್ಷದಲ್ಲಿ ಹತ್ತು ಲಕ್ಷ ಜನ ಗುಳೆ ಹೋದರೇನೋ ಅನ್ನಿಸುತ್ತದೆ. ನಿಜದಲ್ಲಿ ಆ ತಾಲ್ಲೂಕುಗಳು ಹೊಸ ಜಿಲ್ಲೆಗೆ ಹೋದವು, ಅಷ್ಟೇ. ಎಐ ಗುಳೆಯ ವಾಕ್ಯವನ್ನೂ ಬರೆಯಬಲ್ಲದು. ಜಿಲ್ಲಾ ಮಟ್ಟದ ಯಾವ ಹಳೆಯ ಅಂಕಿ ಬಂದರೂ ವರ್ಷ ನೋಡಿ, ಆಗಿನ ಜಿಲ್ಲೆಯಲ್ಲಿ ಯಾವ ತಾಲ್ಲೂಕುಗಳಿದ್ದವು ಎಂದು ನೋಡಿ, ಆಮೇಲೆ ಇಟ್ಟುಕೊಳ್ಳಿ.

ಈಗ ರಿಜಿಸ್ಟರ್. ನಿಮ್ಮ ಹಳೆಯ ಫೈಲುಗಳು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿರುವ ಸಾಧ್ಯತೆ ಹೆಚ್ಚು. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನು ಹಾಗೇ ಅಂಟಿಸಿದರೆ ಎಐ ಓದಲಾಗದು ಎನ್ನುತ್ತದೆ, ಇಲ್ಲವೇ ಊಹಿಸಿ ಉತ್ತರಿಸುತ್ತದೆ. ಎರಡನೆಯದು ಅಪಾಯಕಾರಿ. ಮೊದಲು ಫಾಂಟ್ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಕನ್ನಡವಾಗಿಯೇ ಓದುವ ಸಂಕೇತ) ಮಾಡಿಕೊಳ್ಳಿ, ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಲ್ಲೇ ನೋಡಿ ತಿದ್ದಿ.

ಕೈಬರಹದ ಪುಟಗಳ ಫೋಟೊ ಕೊಟ್ಟು ಟೈಪ್ ಮಾಡಿಸುವುದಾದರೆ ಒಂದು ಸಲಕ್ಕೆ ಒಂದೇ ಪುಟ ಸಾಕು, ನೆರಳು ಬೀಳದ ಹಾಗೆ ನೇರವಾಗಿ ಮೇಲಿಂದ ತೆಗೆಯಿರಿ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಅದಲುಬದಲಾಗುತ್ತವೆ. ಸೊನ್ನೆಯ ಜಾಗದಲ್ಲಿ ಅನುಸ್ವಾರ ಕೂತರೆ ಕಣ್ಣಿಗೆ ಒಂದೇ, ಎಕ್ಸೆಲ್‌ಗೆ ಅದು ಸಂಖ್ಯೆಯೇ ಅಲ್ಲ, ಮೊತ್ತದಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಎಲ್ಲವನ್ನೂ 0ರಿಂದ 9ರ ಅಂಕಿಗೆ ತಂದು, ಪುಟದ ಕೊನೆಯಲ್ಲಿ ಕೈಯಲ್ಲಿ ಬರೆದ ಮೊತ್ತಕ್ಕೆ ತಾಳೆ ನೋಡಿ. ಕೂಡುವ ಕೆಲಸವನ್ನು ಮಾತ್ರ ಚಾಟ್‌ಗೆ ಕೊಡಬೇಡಿ, ಎಕ್ಸೆಲ್ ಸೂತ್ರ ಬರೆದುಕೊಡು ಎನ್ನಿ.

ಕಾರ್ಯಕರ್ತೆಯರು ಫೋನಿಗೆ ಮಾತಾಡಿ ವರದಿ ಕೊಡುವುದು ಒಳ್ಳೆಯ ದಾರಿ. ಆದರೆ ಬಾಗೇಪಲ್ಲಿಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಕನ್ನಡ ಎಂದು ಆರಿಸಿದ ಧ್ವನಿ ಟೈಪಿಂಗ್‌ಗೆ ತೆಲುಗು ಕೇಳಿಸಿದರೆ ಅದು ಹತ್ತಿರದ ಯಾವುದೋ ಕನ್ನಡ ಪದ ಹಾಕಿಕೊಂಡು ಮುಂದೆ ಹೋಗುತ್ತದೆ. ಒಂದು ಧ್ವನಿಮುದ್ರಣಕ್ಕೆ ಒಂದೇ ಭಾಷೆ, ಅರ್ಧ ನಿಮಿಷದೊಳಗೆ. ‘ಒಂದೂವರೆ ಸಾವಿರ’, ‘ಎರಡೂಕಾಲು ಲಕ್ಷ’ದಂಥವು ಆಗಾಗ ತಪ್ಪಾಗಿ ಬೀಳುವುದರಿಂದ ಹಣದ ಲೆಕ್ಕವನ್ನು ಮಾತಿನಲ್ಲಿ ಹೇಳಿಸದೆ ಬರೆಸಿಕೊಳ್ಳಿ.

ಹೆಸರುಗಳ ವಿಷಯದಲ್ಲಿ ನಿಧಾನವಾಗಿ ಹೋಗಿ. ‘ವೆಂಕಟಲಕ್ಷ್ಮಮ್ಮ’, ‘ಲಕ್ಷ್ಮಮ್ಮ ವಿ.’ ಒಬ್ಬರೇ ಇರಬಹುದು. ಒಂದೇ ಊರಿನಲ್ಲಿ ಮೂವರು ಲಕ್ಷ್ಮಮ್ಮ ಇರುವುದೂ ಉಂಟು. ಒಂದಾಗಿಸು ಎಂದು ಹೇಳಬೇಡಿ, ಅನುಮಾನದ ಜೋಡಿಗಳನ್ನು ಪಟ್ಟಿ ಮಾಡು ಎನ್ನಿ. ಗಂಡ ಅಥವಾ ತಂದೆಯ ಹೆಸರು, ಊರು ನೋಡಿ ಆ ಸಂಘದ ಕಾರ್ಯಕರ್ತೆಯೇ ತೀರ್ಮಾನಿಸಲಿ. ತಪ್ಪಾಗಿ ಒಂದಾಗಿಸಿದ ಕಡೆ ಒಬ್ಬ ಹೆಂಗಸು ಪಟ್ಟಿಯಿಂದಲೇ ಮಾಯವಾಗುತ್ತಾಳೆ.

ಇಷ್ಟಾದರೂ ಆಧಾರ್, ಬ್ಯಾಂಕ್ ಖಾತೆ, ಪ್ಯಾನ್, ಕಾಯಿಲೆಯ ವಿವರ, ಮಕ್ಕಳ ಫೋಟೊ ಯಾವ ಚಾಟ್‌ಗೂ ಹೋಗಬಾರದು. ಹೆಸರಿನ ಹೊಂದಾಣಿಕೆ ಬಿಟ್ಟು ಉಳಿದ ಕೆಲಸಕ್ಕೆ ಹೆಸರಿನ ಬದಲು ‘ಬಾ-001’ ಥರದ ಸಂಕೇತ ಹಾಕಿ, ಯಾವ ಸಂಕೇತ ಯಾರದು ಎಂಬ ಫೈಲು ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಇರಲಿ. ಉಚಿತ ಖಾತೆಗಳಲ್ಲಿ ನಿಮ್ಮ ಬರಹವನ್ನು ಎಐ ತರಬೇತಿಗೆ ಬಳಸುವ ಆಯ್ಕೆ ತೆರೆದಿರಬಹುದು, ಸೆಟ್ಟಿಂಗ್ಸ್‌ಗೆ ಹೋಗಿ ಮುಚ್ಚಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಸಂಜೆ ಪಾಠದ ಹಾಜರಿ ಪುಸ್ತಕಕ್ಕೂ ಇದು ಅನ್ವಯಿಸುತ್ತದೆ ಎಂದೇ ಇಟ್ಟುಕೊಂಡು ನಡೆಯಿರಿ.

ಇನ್ನು ಪ್ರಪೋಸಲ್. ಫ್ಲೋರೈಡ್ ಸಮಸ್ಯೆ ನಿಮ್ಮ ತಾಲ್ಲೂಕಿನಲ್ಲಿ ನಿಜ. ಆದರೆ ‘ಬಾಗೇಪಲ್ಲಿಯ ನೀರಿನಲ್ಲಿ ಇಷ್ಟು ಫ್ಲೋರೈಡ್’ ಎಂದು ಎಐ ಹೇಳಿದರೆ ನಂಬಬೇಡಿ. ಪ್ರತಿ ಕೊಳವೆಬಾವಿಗೂ ಅದು ಬೇರೆ. ನಿಮ್ಮ ಬಾವಿಯ ಪ್ರಯೋಗಾಲಯ ವರದಿ, ನೀರಿನ ಮಾದರಿ ತೆಗೆದ ತಾರೀಖು ಕೊಡಿ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ನೀರಿನ ಮೂಲ ಇಲ್ಲದಿದ್ದರೆ ಮಾತ್ರ 1.5. ಎಐ ಬರೆಯುವಾಗ 1.5 ಒಂದನ್ನೇ ಹಿಡಿದುಕೊಂಡರೆ 1.3 ಬಂದ ಊರು ಸಮಸ್ಯೆಯೇ ಇಲ್ಲದ ಊರಾಗಿಬಿಡುತ್ತದೆ.

ಸೂಚನೆ ಹೀಗಿರಲಿ: ‘ಕೆಳಗಿನ ಕೋಷ್ಟಕದ ಅಂಕಿಗಳನ್ನು ಮಾತ್ರ ಬಳಸು. ಇಲ್ಲದ ಕಡೆ ಮಾಹಿತಿ ಬೇಕು ಎಂದು ಬರೆ. ಮೊತ್ತಗಳನ್ನು ಲಕ್ಷದಲ್ಲೇ ಇಡು, ಮಿಲಿಯನ್‌ಗೆ ಬದಲಿಸಬೇಡ.’ ಕಂಪನಿಗಳ ಕಾಯ್ದೆಯ 7ನೇ ಅನುಸೂಚಿಯಲ್ಲಿ (ಸಿಎಸ್‌ಆರ್ ಹಣದಲ್ಲಿ ಮಾಡಬಹುದಾದ ಕೆಲಸಗಳ ಪಟ್ಟಿ) ನಿಮ್ಮ ಕೆಲಸ ಯಾವ ಬಾಬಿಗೆ ಬರುತ್ತದೆ ಎಂದು ಕೇಳಿ, ಮೂಲದ ಜೊತೆ ತಾಳೆ ನೋಡಿ. ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆ ಮಾಡಿಸಬೇಕಾದ ಸಿಎಸ್‌ಆರ್-1 ನೋಂದಣಿ ಆಗಿಲ್ಲದಿದ್ದರೆ ಪ್ರಪೋಸಲ್‌ಗೂ ಮೊದಲು ಅದನ್ನು ಮಾಡಿಸಿ. ತೆರಿಗೆಯ ಸೆಕ್ಷನ್ ಸಂಖ್ಯೆಗಳನ್ನು ಮಾತ್ರ ಆಡಿಟರ್ ಹತ್ತಿರವೇ ಕೇಳಿ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ, ಎಐ ಹಳೆಯದನ್ನೇ ಒಪ್ಪಿಸುವ ಸಾಧ್ಯತೆ ಇದೆ.

ಯಾರಿಗೆ ಸಹಾಯ ಮೊದಲು ಎಂಬ ಆಯ್ಕೆಯನ್ನು ಮಾತ್ರ ಎಐಗೆ ಒಪ್ಪಿಸಬೇಡಿ. ಗಂಡ ಬಿಟ್ಟುಹೋದ ಹೆಣ್ಣುಮಗಳ ಹೆಸರು ಇನ್ನೂ ಮಾವನ ರೇಷನ್ ಕಾರ್ಡಿನಲ್ಲೇ ಇರುತ್ತದೆ. ಪಟ್ಟಿ ನೋಡಿ ಅಂಕ ಕೊಡುವ ಯಂತ್ರಕ್ಕೆ ಅವಳು ಹೊಲ ಇರುವ ಮನೆಯವಳು.

ಇಂಗ್ಲಿಷ್ ಪ್ರಪೋಸಲ್ ಸಿದ್ಧವಾದ ಮೇಲೆ ಅದನ್ನು ಕನ್ನಡಕ್ಕೆ ತಿರುಗಿಸಿ, ಆ ಊರುಗಳಲ್ಲಿ ಓಡಾಡುವ ಕಾರ್ಯಕರ್ತೆಯರ ಮುಂದೆ ಗಟ್ಟಿಯಾಗಿ ಓದಿ. ‘ಹಾಗೇನೂ ಇಲ್ವಲ್ಲ’ ಎಂದು ಅವರು ತಡೆದ ವಾಕ್ಯವನ್ನು ಕಂಪನಿಗೆ ಕಳಿಸುವ ಮೊದಲೇ ಹೊಡೆದುಹಾಕಿ.