ಗಿಲ್ಡ್‌ಫರ್ಡ್‌ಗೆ ಬರುವ ತಮ್ಮನಿಗೆ

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಸೆಪ್ಟೆಂಬರಿನಲ್ಲಿ ಉಪಗ್ರಹದ ಕೆಲಸಕ್ಕೆ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ಗೆ ಬರುತ್ತಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ಮನೆ ಬಾಡಿಗೆ, ಅಕ್ಕಿ, ಚಳಿ ಯಾವುದನ್ನೂ ನೀನು ಕೇಳಿಲ್ಲ. ಟೀವಿಯಲ್ಲಿ ನೋಡಿದರೆ ಅಲ್ಲಿ ವಲಸೆ ಬಂದವರ ಮೇಲೆ ಸಿಟ್ಟು ಜಾಸ್ತಿಯಾಗಿದೆ, ರಾಜಕೀಯದ ಉಸಾಬರಿ ಬೇಡ ಅಂತ ಸುಮ್ನೆ ದುಡಿದುಕೊಂಡು ಇದ್ದುಬಿಡಲಾ ಅಂತ ಕೇಳಿದ್ದೀಯ. ಸ್ವಂತ ರಾಕೆಟ್ಟೇ ಇಲ್ಲದ ದೇಶಕ್ಕೆ ಬೆಂಗಳೂರು ಬಿಟ್ಟು ಯಾಕೆ ಹೋಗ್ತೀಯ ಅನ್ನುತ್ತಿರುವ ಅಪ್ಪನಿಗೆ ಏನು ಹೇಳಲಿ ಅಂತ ಕೇಳಿದ್ದೀಯ. ಸೈನ್ಸ್ ಫಿಕ್ಷನ್ ಹುಚ್ಚಿನವರು ಅಲ್ಲಿ ಸಿಗುತ್ತಾರಾ ಅಂತಲೂ ಕೊನೆಯಲ್ಲಿ ಒಂದು ಸಾಲು. ನಾನು ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಇರುವುದು ಗಿಲ್ಡ್‌ಫರ್ಡ್‌ನಿಂದ ರೈಲಿನಲ್ಲಿ ಹತ್ತು ನಿಮಿಷ ದೂರದ ವೋಕಿಂಗ್‌ನಲ್ಲಿ. ನಿನಗೆ ಇವು ಬೇರೆ ಬೇರೆ ಪ್ರಶ್ನೆ. ಇಲ್ಲಿ ಇದ್ದೂ ಇದ್ದೂ ನನಗೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಹಾಗೆ ಕಾಣುತ್ತವೆ.

ಮೊದಲು ಓಟು. ನಿನಗೆ ಇಲ್ಲಿ ಓಟು ಇದೆ. ಪೌರತ್ವ ಬೇಕಿಲ್ಲ, ವರ್ಷಗಟ್ಟಲೆ ಕಾಯಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಸರಿಯಾದ ವೀಸಾದಲ್ಲಿ ಇಲ್ಲಿ ವಾಸ ಮಾಡುವ ಭಾರತೀಯರು ಊರಿನ ಆಡಳಿತ ನಡೆಸುವ ಕೌನ್ಸಿಲ್‌ನ ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ಓಟು ಹಾಕಬಹುದು. ನಮ್ಮವರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಹತ್ತು ವರ್ಷ ಇಲ್ಲಿದ್ದು, ತೆರಿಗೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ನಮಗೆಲ್ಲಿ ಓಟು ಅಂತ ಕೇಳಿದವರನ್ನು ನೋಡಿದ್ದೇನೆ. ಮನೆ ಸಿಕ್ಕ ವಾರದಲ್ಲೇ ಆನ್‌ಲೈನ್‌ನಲ್ಲಿ ಹೆಸರು ಸೇರಿಸು, ಐದು ನಿಮಿಷದ ಕೆಲಸ. ಪಟ್ಟಿಯಲ್ಲಿ ಹೆಸರಿದ್ದರೆ ಮುಂದೆ ಬ್ಯಾಂಕಿನವರು ಸಾಲ ಕೊಡುವಾಗ ನೋಡುವ ಕ್ರೆಡಿಟ್ ದಾಖಲೆಗೂ ಅನುಕೂಲ.

ನಾನು ಮೊದಲ ಸಲ ಇಲ್ಲಿ ಓಟು ಹಾಕಿದ್ದು 2005ರ ಮೇ 5ರಂದು, ಒಂದು ಚರ್ಚಿನ ಹಾಲ್‌ನಲ್ಲಿ. ಗುರುವಾರ, ರಜೆ ಇಲ್ಲ, ಕೆಲಸಕ್ಕೆ ಹೋಗುವ ಮೊದಲು ಬೆಳಗ್ಗೆ ಏಳಕ್ಕೇ ಹೋದೆ. ಹೆಸರು, ವಿಳಾಸ ಕೇಳಿದರು, ಕಾಗದ ಕೊಟ್ಟರು. ದಾರದಲ್ಲಿ ಕಟ್ಟಿದ್ದ ಪೆನ್ಸಿಲಿನಲ್ಲಿ ಒಂದು ಗುಣಾಕಾರದ ಗುರುತು ಹಾಕಿ ಪೆಟ್ಟಿಗೆಗೆ ಹಾಕಿದೆ. ಯಂತ್ರ ಇಲ್ಲ, ಬಾಗಿಲಲ್ಲಿ ಪೊಲೀಸರಿಲ್ಲ, ಬೆರಳಿಗೆ ಶಾಯಿ ಇಲ್ಲ. ನಾನು ಮೈಸೂರಿನವಳು, ದೇಶಕ್ಕೆಲ್ಲ ಓಟಿನ ಶಾಯಿ ಹೋಗುವುದು ನಮ್ಮೂರಿನಿಂದ. ಬಸ್ ಸ್ಟಾಪಿನಲ್ಲಿ ನಿಂತು ಎಡಗೈ ತೋರುಬೆರಳು ನೋಡಿಕೊಂಡೆ, ಅದು ಖಾಲಿ ಇತ್ತು, ಓಟು ಹಾಕಿದ್ದು ನಿಜವೇ ಅನ್ನಿಸಿತು. ಆಗ ಗುರುತಿನ ಚೀಟಿಯನ್ನೂ ಕೇಳುತ್ತಿರಲಿಲ್ಲ. 2023ರಿಂದ ಫೋಟೋ ಇರುವ ಗುರುತು ಬೇಕು. ನಿನ್ನ ಭಾರತದ ಪಾಸ್‌ಪೋರ್ಟ್ ಸಾಕು.

ಈ ಓಟಿನ ಬೆಲೆ ನನಗೆ ತಿಳಿದಿದ್ದು 2016ರ ಜೂನ್ 23ರಂದು. ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕಾ ಬಿಡಬೇಕಾ ಅಂತ ಜನಮತ. ನಮ್ಮ ಆಫೀಸಿನಲ್ಲಿ ಪೋಲೆಂಡಿನ ಒಬ್ಬಾಕೆ ಇದ್ದಳು. ಆ ದೇಶ ಒಕ್ಕೂಟ ಸೇರಿದ 2004ರಲ್ಲೇ ಬಂದವಳು, ಮಗು ಹುಟ್ಟಿದ್ದೂ ಇಲ್ಲೇ. ಅವಳ ಇಡೀ ಬದುಕು ಆ ಓಟಿನ ಮೇಲೆ ನಿಂತಿತ್ತು, ಆದರೆ ಅವಳಿಗೆ ಓಟಿರಲಿಲ್ಲ, ಯಾಕೆಂದರೆ ಐರ್ಲೆಂಡಿನಂಥ ಎರಡು ಮೂರು ದೇಶ ಬಿಟ್ಟರೆ ಒಕ್ಕೂಟದ ಬೇರೆ ದೇಶದವರಿಗೆ ಆ ಹಕ್ಕು ಕೊಟ್ಟಿರಲಿಲ್ಲ. ಆಗಿನ್ನೂ ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡಿದ್ದ ನನಗೆ ಇತ್ತು. ಮಾರನೆಯ ದಿನ ಫಲಿತಾಂಶ ಬಂತು, 52ಕ್ಕೆ 48, ಬಿಡೋಣ ಅಂದವರು ಗೆದ್ದಿದ್ದರು. ಅವಳು ಎಂದಿನಂತೆ ಎಲ್ಲರಿಗೂ ಟೀ ಮಾಡಿ ತಂದಳು, ಯಾರೂ ಅವಳ ಮುಖ ನೋಡಲಿಲ್ಲ. ನೀನೂ ಓಟು ಹಾಕಿದೆಯಾ ಅಂತ ನನ್ನೊಬ್ಬಳನ್ನೇ ಕೇಳಿದಳು. ಹಾಕಿದೆ, ಇರೋಣ ಅಂತ ಹಾಕಿದೆ ಅಂದೆ. ಹಾಕದೆ ಮನೆಯಲ್ಲಿ ಕೂತಿದ್ದರೆ ಅವತ್ತು ಏನು ಹೇಳುತ್ತಿದ್ದೆನೋ.

ಸಿಟ್ಟು ಇದೆಯಾ ಅಂತ ಕೇಳಿದೆಯಲ್ಲ, ಇದೆ. ಮುಚ್ಚಿಡುವುದಿಲ್ಲ. ವೀಸಾ ಜೊತೆ ಆರೋಗ್ಯ ಸೇವೆಗೆ ಅಂತ ವರ್ಷಕ್ಕೆ 1,035 ಪೌಂಡ್ ಬೇರೆ ಕಟ್ಟಿಸಿಕೊಳ್ಳುತ್ತಾರೆ, ಮೇಲೆ ಸಂಬಳದಲ್ಲಿ ತೆರಿಗೆಯೂ ಹೋಗುತ್ತದೆ. ಐದು ವರ್ಷಕ್ಕೆ ಕಾಯಂ ವಾಸದ ಅನುಮತಿ ಸಿಗುತ್ತಿದ್ದುದನ್ನು ಹತ್ತು ಮಾಡುವ ಮಾತನ್ನು 2025ರಲ್ಲಿ ಸರ್ಕಾರವೇ ಎತ್ತಿತು. ಇದು ನಿನ್ನ ಬದುಕಿನ ಲೆಕ್ಕ, ಬೇರೆ ಯಾರದ್ದೋ ರಾಜಕೀಯ ಅಲ್ಲ. ನಿನ್ನ ಕ್ಷೇತ್ರದ ಎಂಪಿ ನೀನು ಯಾರಿಗೆ ಓಟು ಹಾಕಿದರೂ, ಹಾಕದಿದ್ದರೂ ನಿನ್ನ ಎಂಪಿಯೇ. ಅವರು ಜನರ ಅಹವಾಲು ಕೇಳಲು ಕೂರುವುದಕ್ಕೆ ಇಲ್ಲಿ ಸರ್ಜರಿ ಅನ್ನುತ್ತಾರೆ, ಡಾಕ್ಟರ ಕೋಣೆಗೆ ಹೇಳುವ ಅದೇ ಪದ. ನಮ್ಮ ಅಮ್ಮನ ವೀಸಾ ಅರ್ಜಿ ತಿಂಗಳುಗಟ್ಟಲೆ ಒಂದು ಕಚೇರಿಯಲ್ಲಿ ಸಿಕ್ಕಿಕೊಂಡಾಗ ಹೆದರಿಕೊಂಡೇ ಹೋಗಿದ್ದೆ. ಪುಟ್ಟ ಕೋಣೆ, ಎರಡು ಕುರ್ಚಿ. ಎಂಪಿ ತಾವೇ ನೋಟ್ ಪುಸ್ತಕದಲ್ಲಿ ಅರ್ಜಿ ನಂಬರು ಬರೆದುಕೊಂಡರು. ಮೂರು ವಾರದಲ್ಲಿ ಉತ್ತರ ಬಂತು.

ಕೌನ್ಸಿಲ್ ಚುನಾವಣೆಯನ್ನೂ ಸಣ್ಣದು ಅಂತ ಬಿಡಬೇಡ. ವೋಕಿಂಗ್ ಸ್ಟೇಷನ್ನಿನಲ್ಲಿ ಇಳಿದರೆ ಎತ್ತರದ ಹೊಸ ಕಟ್ಟಡಗಳು ಕಾಣುತ್ತವೆ. ಇಂಥವನ್ನೆಲ್ಲ ಕಟ್ಟಲು ಕೌನ್ಸಿಲ್ ಸಾಲದ ಮೇಲೆ ಸಾಲ ಮಾಡಿತು. 2023ರ ಜೂನ್‌ನಲ್ಲಿ ಕೈಯೆತ್ತಿತು: ವರ್ಷಕ್ಕೆ ಖರ್ಚಿಗೆ ಸಿಗುವ ಹಣ 1.6 ಕೋಟಿ ಪೌಂಡ್, ಕೊರತೆ 120 ಕೋಟಿ. ಮುಂದಿನ ವರ್ಷ ಊರಿನವರ ತೆರಿಗೆಯಲ್ಲಿ ಈ ಕೌನ್ಸಿಲ್‌ನ ಪಾಲು ಶೇಕಡ 10 ಏರಿತು. ಸಾಲ ಮಾಡುತ್ತಿದ್ದ ವರ್ಷಗಳಲ್ಲಿ ಆ ಸಭೆಗಳಿಗೆ ಹೋಗಿ ಕೂರಬಹುದಿತ್ತು, ಬಾಗಿಲು ತೆರೆದೇ ಇತ್ತು.

ಇಲ್ಲಿನ ರಾಜಕೀಯದಲ್ಲಿ ನನಗೆ ಮನಸಾರೆ ಇಷ್ಟವಾಗುವ ಒಂದು ದೃಶ್ಯ ಹೇಳುತ್ತೇನೆ, ನಿನ್ನ ಸೈನ್ಸ್ ಫಿಕ್ಷನ್‌ಗೂ ಅದು ಸೇರುತ್ತದೆ. ಚುನಾವಣೆ ರಾತ್ರಿ ಕ್ಷೇತ್ರದ ಫಲಿತಾಂಶ ಓದುವಾಗ ಎಲ್ಲ ಅಭ್ಯರ್ಥಿಗಳೂ ಒಂದೇ ವೇದಿಕೆಯಲ್ಲಿ ಸಾಲಾಗಿ ನಿಲ್ಲುವುದು ವಾಡಿಕೆ, ಪ್ರಧಾನಿಯೂ ಅಷ್ಟೇ. ಠೇವಣಿ 500 ಪೌಂಡ್, ಶೇಕಡ 5 ಓಟು ಬರದಿದ್ದರೆ ಹೋಯಿತು. ಕಟ್ಟಬಲ್ಲವರು ಯಾರು ಬೇಕಾದರೂ ಪ್ರಧಾನಿಯ ಎದುರೇ ನಿಲ್ಲಬಹುದು. 2017ರಲ್ಲಿ ಆಗಿನ ಪ್ರಧಾನಿ ತೆರೇಸಾ ಮೇ ಪಕ್ಕದಲ್ಲಿ ತಲೆಗೆ ಉದ್ದನೆಯ ಕಪ್ಪು ಡಬ್ಬಿ ಹಾಕಿಕೊಂಡ ಲಾರ್ಡ್ ಬಕೆಟ್‌ಹೆಡ್ ನಿಂತಿದ್ದ. 2024ರಲ್ಲಿ ರಿಷಿ ಸುನಕ್ ಕ್ಷೇತ್ರದಲ್ಲಿ ಕೌಂಟ್ ಬಿನ್‌ಫೇಸ್, ಮುಖಕ್ಕೆ ಕಸದ ಡಬ್ಬಿ, ತಾನು ಬಾಹ್ಯಾಕಾಶದ ಯೋಧ ಅಂತ ಹೇಳಿಕೊಳ್ಳುವವನು. ಚುನಾವಣಾಧಿಕಾರಿ ಅವನ ಹೆಸರನ್ನೂ, ಅವನ 308 ಓಟುಗಳನ್ನೂ ಪ್ರಧಾನಿಯ ಓಟು ಓದಿದ ಅದೇ ಗಂಭೀರ ದನಿಯಲ್ಲಿ ಓದಿದರು. ಯಾರೂ ಅವನನ್ನು ವೇದಿಕೆಯಿಂದ ಇಳಿಸಲಿಲ್ಲ. ಅಧಿಕಾರ ಕೈಜಾರುತ್ತಿರುವ ಗಳಿಗೆಯಲ್ಲೂ ಸುನಕ್ ಅವನ ಜೊತೆಯೇ ನಿಂತು ತಮ್ಮ ಅಂಕಿ ಕೇಳಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಪ್ರಧಾನಿಯ ಹತ್ತನೇ ನಂಬರ್ ಮನೆ ಖಾಲಿ. ಬಾಗಿಲ ಬಳಿ ಕೊಡೆ ಹಿಡಿದು ನಿಂತಿದ್ದ ಹೆಂಡತಿ ಅಕ್ಷತಾ ಮೂರ್ತಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಸೋತವರು ಮಾರನೆಯ ದಿನವೇ ಗಂಟು ಕಟ್ಟಿ ಹೊರಡುವುದನ್ನು ಇಲ್ಲಿ ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಅಪ್ಪನ ಪ್ರಶ್ನೆ. ಈ ದೇಶಕ್ಕೆ ರಾಕೆಟ್ ಇತ್ತು ಅಂತ ಅವರಿಗೆ ಹೇಳು. ಬ್ಲ್ಯಾಕ್ ಆ್ಯರೋ ಅಂತ ಹೆಸರು, 13 ಮೀಟರ್ ಎತ್ತರ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೀಮೆಎಣ್ಣೆಯ ಥರದ ಇಂಧನದಲ್ಲಿ ಓಡುತ್ತಿತ್ತು, ಎಂಜಿನ್ ಪರೀಕ್ಷೆ ಐಲ್ ಆಫ್ ವೈಟ್ ದ್ವೀಪದ ಕಡಲ ಬಂಡೆಯ ಮೇಲೆ ನಡೆಯುತ್ತಿತ್ತು. ಅಮೆರಿಕದ ರಾಕೆಟ್ ಬಾಡಿಗೆಗೆ ಹಿಡಿದರೆ ಅಗ್ಗ ಅಂತ 1971ರ ಜುಲೈನಲ್ಲಿ ಸರ್ಕಾರ ಯೋಜನೆಯನ್ನೇ ಮುಚ್ಚಿತು. ಕೊನೆಯ ರಾಕೆಟ್ ಆಸ್ಟ್ರೇಲಿಯಾದ ವೂಮೆರಾಗೆ ಆಗಲೇ ಹೊರಟಾಗಿತ್ತು, ಅದೊಂದನ್ನು ಹಾರಿಸಿ ಅಂದರು. ಅಕ್ಟೋಬರ್ 28ರಂದು ಅದು ಪ್ರಾಸ್ಪೆರೋ ಅನ್ನುವ ಉಪಗ್ರಹವನ್ನು ಸರಿಯಾಗಿ ಕಕ್ಷೆಗೆ ಸೇರಿಸಿತು. ಉಪಗ್ರಹ ಇವತ್ತಿಗೂ ಮೇಲೆ ಸುತ್ತುತ್ತಿದೆ. ತನ್ನ ರಾಕೆಟ್ಟಿನಲ್ಲಿ ಉಪಗ್ರಹ ಹಾರಿಸಿದ ಆರನೆಯ ದೇಶ ಬ್ರಿಟನ್, ಅದನ್ನು ಕಲಿತು ಕೈಬಿಟ್ಟ ದೇಶ ಇದೊಂದೇ. ಏಳನೆಯದು ಯಾವುದು ಗೊತ್ತಲ್ವಾ? 1980ರಲ್ಲಿ ಭಾರತ. ದುಡ್ಡು ನಮಗೇ ಕಡಿಮೆ ಇತ್ತು, ಆದರೂ ನಾವು ಬಿಡಲಿಲ್ಲ.

ಆಮೇಲೆ ಆಗಿದ್ದನ್ನು ಅಪ್ಪನಿಗೆ ನಿಧಾನವಾಗಿ ಹೇಳು. ರಾಕೆಟ್ ಹೋದರೂ ಉಪಗ್ರಹ ಕಟ್ಟುವ ಕೈ ಇಲ್ಲಿ ಉಳಿಯಿತು. ನೀನು ಬರುವ ಗಿಲ್ಡ್‌ಫರ್ಡ್‌ನ ಸರ್ರೆ ವಿಶ್ವವಿದ್ಯಾಲಯದಲ್ಲಿ, ಚಿಕ್ಕ ಉಪಗ್ರಹವನ್ನು ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಬಹುದು ಅಂತ ತೋರಿಸಿದರು. ಮೊದಲನೆಯದು ಹಾರಿದ್ದು 1981ರಲ್ಲಿ. ಆ ಗಿಲ್ಡ್‌ಫರ್ಡ್‌ನ ಉಪಗ್ರಹಗಳನ್ನು ಯಾರು ಹಾರಿಸಿದರು? 2015ರ ಜುಲೈ 10ರಂದು ನಮ್ಮ ಪಿಎಸ್ಎಲ್‌ವಿ ರಾಕೆಟ್ ಐದು ಬ್ರಿಟಿಷ್ ಉಪಗ್ರಹಗಳನ್ನು ಶ್ರೀಹರಿಕೋಟಾದಿಂದ ಒಯ್ದಿತು. 2018ರ ಸೆಪ್ಟೆಂಬರಿನಲ್ಲಿ ಇನ್ನೂ ಎರಡು ಹೋದವು. ಬೆಂಗಳೂರು ಬಿಟ್ಟು ಹೋಗುತ್ತೀಯ ಅನ್ನುವುದು ಹಾಗಾಗಿ ಅಷ್ಟು ಸರಿಯಲ್ಲ. ನೀನು ಇಲ್ಲಿ ಕೂತು ತಿರುಪು ಹಾಕಿದ ಪೆಟ್ಟಿಗೆ ನಮ್ಮ ರಾಕೆಟ್ಟಿನ ತಲೆಯಲ್ಲೇ ಕೂರಬಹುದು. ಇಲ್ಲಿಂದಲೇ ಹಾರಿಸುವ ಪ್ರಯತ್ನವೂ ಮತ್ತೆ ಶುರುವಾಗಿದೆ. 2023ರ ಜನವರಿಯಲ್ಲಿ ಕಾರ್ನ್‌ವಾಲ್‌ನಿಂದ ವಿಮಾನದ ರೆಕ್ಕೆಯಡಿ ಕಟ್ಟಿ ಒಯ್ದ ರಾಕೆಟ್ ಕಕ್ಷೆ ತಲುಪಲಿಲ್ಲ. ಶೆಟ್ಲೆಂಡ್ ದ್ವೀಪದಲ್ಲಿ ಉಡಾವಣಾ ಕೇಂದ್ರ ಕಟ್ಟಿದ್ದಾರೆ. 1971ರಲ್ಲಿ ಒಂದು ಸಹಿ ಮಾಡಿದ್ದನ್ನು ಸರಿಪಡಿಸಲು ಐವತ್ತು ವರ್ಷ ಮೀರಿದರೂ ಸಾಲುತ್ತಿಲ್ಲ, ನೋಡು.

ಸೈನ್ಸ್ ಫಿಕ್ಷನ್‌ನವರು ಧಾರಾಳವಾಗಿ ಸಿಗುತ್ತಾರೆ. ಲಂಡನ್ನಿನ ವಾಕ್ಸ್‌ಹಾಲ್‌ನಲ್ಲಿ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ ಅನ್ನುವ, ಬಾಹ್ಯಾಕಾಶ ಯಾನದ ಹುಚ್ಚಿನವರ ಸಂಘ ಇದೆ, ನಿನ್ನ ರೈಲು ವಾಟರ್ಲೂ ತಲುಪುವ ಸ್ವಲ್ಪ ಮೊದಲು ಆ ಜಾಗ ದಾಟುತ್ತದೆ. 1933ರಲ್ಲಿ ಲಿವರ್‌ಪೂಲ್‌ನಲ್ಲಿ ಶುರುವಾದದ್ದು. ಸ್ಫೋಟಕಗಳ ಮೇಲಿನ 1875ರ ಕಾಯಿದೆ ಅಡ್ಡ ಬಂದು ರಾಕೆಟ್ ಉಡಾಯಿಸುವಂತಿರಲಿಲ್ಲ. ಅದಕ್ಕೆ ಚಂದ್ರನಿಗೆ ಹೋಗುವ ನೌಕೆಯನ್ನು ಅವರು ಕಾಗದದ ಮೇಲೆಯೇ ಪೂರ್ತಿ ಲೆಕ್ಕ ಹಾಕಿಟ್ಟರು.

ಆದರೆ ನಾನು ಮೊದಲು ಕರೆದುಕೊಂಡು ಹೋಗುವುದು ನಮ್ಮೂರಿನ ಹಾರ್ಸೆಲ್ ಕಾಮನ್ ಅನ್ನುವ ಬಯಲಿಗೆ. ಪೈನ್ ಮರಗಳ ನಡುವೆ ಒಂದು ಮರಳುಗುಂಡಿ ಇದೆ. ಎಚ್. ಜಿ. ವೆಲ್ಸ್ 1895ರಲ್ಲಿ ವೋಕಿಂಗ್‌ಗೆ ಬಾಡಿಗೆಗೆ ಬಂದವರು, ಸೈಕಲ್ಲಿನಲ್ಲಿ ಈ ಕಡೆಯೆಲ್ಲ ಸುತ್ತುತ್ತಿದ್ದವರು. ಮಂಗಳ ಗ್ರಹದವರು ಭೂಮಿಗೆ ದಂಡೆತ್ತಿ ಬರುವ ಅವರ ಕಾದಂಬರಿಯಲ್ಲಿ ಅವರನ್ನು ಹೊತ್ತ ಮೊದಲ ಸಿಲಿಂಡರ್ ಬೀಳುವುದು ಇದೇ ಗುಂಡಿಯ ಹತ್ತಿರ. ಊರ ಮಧ್ಯೆ 7 ಮೀಟರಿನ ಮೂರು ಕಾಲಿನ ಮಂಗಳದ ಯಂತ್ರವೂ ನಿಂತಿದೆ, ಮಕ್ಕಳು ಅದರ ಕೆಳಗೆ ಐಸ್‌ಕ್ರೀಂ ತಿನ್ನುತ್ತವೆ. ಆ ಪುಸ್ತಕದ ಮೊದಲ ಪುಟಗಳಲ್ಲೇ ವೆಲ್ಸ್ ಟ್ಯಾಸ್ಮೇನಿಯಾದ ಮೂಲ ಜನರ ಮಾತು ಎತ್ತುತ್ತಾರೆ. ಯುರೋಪಿನವರು ಅವರನ್ನು ನಾಶ ಮಾಡಿದರು, ಈಗ ಮಂಗಳದವರು ನಮಗೆ ಅದನ್ನೇ ಮಾಡಿದರೆ ದೂರುವ ಹಕ್ಕು ನಮಗಿದೆಯಾ ಅನ್ನುವ ಅರ್ಥದಲ್ಲಿ. ಸಾಮ್ರಾಜ್ಯ ತುತ್ತತುದಿಯಲ್ಲಿದ್ದ 1898ರಲ್ಲಿ, ಇಂಗ್ಲಿಷರ ಊರಿನಲ್ಲೇ ನಿಂತು, ಇಂಗ್ಲಿಷರಿಗೇ ಕೇಳಿದ ಪ್ರಶ್ನೆ ಅದು. ಆಮೇಲೆ 1922ರಲ್ಲೂ 1923ರಲ್ಲೂ ವೆಲ್ಸ್ ಲೇಬರ್ ಪಕ್ಷದಿಂದ ಪಾರ್ಲಿಮೆಂಟಿಗೆ ನಿಂತರು, ಎರಡು ಸಲವೂ ಸೋತರು.

ಅದೇ ಕಾಮನ್‌ನ ಅಂಚಿನಲ್ಲಿ ಇನ್ನೊಂದು ಜಾಗ ಇದೆ, ಇಟ್ಟಿಗೆ ಗೋಡೆ, ಮೇಲೆ ಗುಮ್ಮಟದ ಬಾಗಿಲು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಇಲ್ಲಿನ ಆಸ್ಪತ್ರೆಗಳಲ್ಲಿ ಸತ್ತ ಭಾರತೀಯ ಸೇನೆಯ ಮುಸ್ಲಿಂ ಸೈನಿಕರನ್ನು ಮಣ್ಣು ಮಾಡಿದ್ದು ಅಲ್ಲಿ, ಯಾಕೆಂದರೆ 1889ರಷ್ಟು ಹಿಂದೆಯೇ ವೋಕಿಂಗ್‌ನಲ್ಲಿ ಮಸೀದಿ ಇತ್ತು. 1969ರಲ್ಲಿ ಸಮಾಧಿಗಳನ್ನು ಹತ್ತಿರದ ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಿದರು, ಈಗ ಅದು ಹೆಸರುಗಳನ್ನು ಕೆತ್ತಿದ ಪುಟ್ಟ ತೋಟ. ಕತೆಯ ಮಂಗಳದವರು ಇಳಿದ ಕಡೆಯಿಂದ ನಮ್ಮ ಸೈನಿಕರು ಮಲಗಿದ್ದ ಜಾಗಕ್ಕೆ ನಡೆದೇ ಹೋಗಬಹುದು. ನಾನು ಬಂದ ಹೊಸದರಲ್ಲಿ, ಇಲ್ಲಿಗೆ ನಾನು ಯಾರು ಅಂತ ಅನ್ನಿಸಿದಾಗಲೆಲ್ಲ ಅಲ್ಲಿಗೆ ಹೋಗಿ ಕೂರುತ್ತಿದ್ದೆ.

ಬಂದ ಮೊದಲ ಭಾನುವಾರ ಫೋನ್ ಮಾಡು, ಸ್ಟೇಷನ್ನಿಗೆ ಬರುತ್ತೇನೆ. ಬೂಟು ಗಟ್ಟಿ ಇರಲಿ, ಮಳೆ ಬಂದರೆ ಗುಂಡಿಯ ಸುತ್ತ ಕೆಸರು. ಬಾಡಿಗೆ ಕರಾರನ್ನೂ ಪಾಸ್‌ಪೋರ್ಟನ್ನೂ ತಂದರೆ ಊಟ ಆದಮೇಲೆ ನಮ್ಮ ಮನೆಯಲ್ಲೇ ಕೂತು ಓಟರ್ ಪಟ್ಟಿಗೆ ಹೆಸರು ಸೇರಿಸೋಣ.