ಗೂಟ ನೆಟ್ಟ ಮೇಲೂ ಮಾತಿಗೆ ಜಾಗವಿದೆ

ಓದುಗರ ಪತ್ರ: ನಮ್ಮದು ವಿಟ್ಲದ ಕಡೆ ಎರಡೂವರೆ ಎಕರೆ ಅಡಿಕೆ ತೋಟ, ಮೇಲಿನ ಗುಡ್ಡದಲ್ಲಿ ಒಂದಿಷ್ಟು ಕುಮ್ಕಿ (ಸ್ವಂತ ಜಮೀನಿಗೆ, ಅಂದರೆ ವರ್ಗಕ್ಕೆ, ತಾಗಿದ ಸರ್ಕಾರಿ ನೆಲ). ಉಡುಪಿ–ಕಾಸರಗೋಡು 400 ಕೆ.ವಿ. ಲೈನಿನ ಸರ್ವೆಯವರು ನಾವಿಲ್ಲದ ಹೊತ್ತಿನಲ್ಲಿ ಬಂದು ಗೂಟ ಹೊಡೆದು ಹೋಗಿದ್ದಾರೆ. ಒಪ್ಪಿಗೆ ಕೇಳದೆ ಹೀಗೆ ಮಾಡಬಹುದೇ? ಸಾರ್ವಜನಿಕ ಅಹವಾಲು ಯಾಕೆ ನಡೆಯಲಿಲ್ಲ? ಕೇರಳದಲ್ಲಿ ನೆಲದಡಿ ಕೇಬಲ್ ಹಾಕಿದ್ದಾರಂತೆ, ನಮಗೆ ಯಾಕಿಲ್ಲ? ಊರಲ್ಲಿ ‘ಯಾವುದಕ್ಕೂ ಸಹಿ ಹಾಕಬೇಡಿ, ಮರ ಎಣಿಸಲೂ ಬಿಡಬೇಡಿ’ ಎನ್ನುತ್ತಿದ್ದಾರೆ. ಏನು ಮಾಡಲಿ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರುಮಾಡೋಣ. ಮರ ಎಣಿಸಿ. ಅವರು ಬರುವ ಮೊದಲು ನೀವೇ ಎಣಿಸಿ, ಈ ವಾರವೇ. ಎಣಿಸಿದರೆ ಲೈನಿಗೆ ಒಪ್ಪಿದಂತೆ ಎಂಬುದು ಊರಲ್ಲಿ ಹಬ್ಬಿದ ತಪ್ಪು ಕಲ್ಪನೆ. ಕಡಿದ ಮೇಲೆ ಬುಡ ನೋಡಿ ಮರದ ಪ್ರಾಯ ಹೇಳುವವರು ಸಿಗುವುದಿಲ್ಲ. ಆಗ ಉಳಿಯುವುದು ಅವರ ಮಹಜರು, ಅಂದರೆ ಸ್ಥಳದಲ್ಲಿ ಅವರು ಬರೆದ ಎಣಿಕೆಯ ದಾಖಲೆ ಮಾತ್ರ.

ಇನ್ನು ಒಪ್ಪಿಗೆಯ ವಿಷಯ. ವಿದ್ಯುತ್ ಕಾಯ್ದೆ 2003ರಡಿ ಬಂದ 2006ರ ನಿಯಮಗಳ ಪ್ರಕಾರ ಲೈನ್ ಎಳೆಯುವವರು ಜಮೀನುದಾರರ ಒಪ್ಪಿಗೆ ಕೇಳಬೇಕು, ಸಿಗದಿದ್ದರೆ ಜಿಲ್ಲಾಧಿಕಾರಿಯ ಬಳಿ ಹೋಗಬೇಕು. ಆದರೆ ಅದೇ ಕಾಯ್ದೆಯ 164ನೇ ಕಲಂನಡಿ ಸರ್ಕಾರ ಆದೇಶ ಹೊರಡಿಸಿದರೆ ಕಂಪನಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಬರುತ್ತದೆ. ಆಗ ನಿಮ್ಮ ಒಪ್ಪಿಗೆ ಬೇಕಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲಿ ಪವರ್‌ಗ್ರಿಡ್ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಟೆಲಿಗ್ರಾಫ್ ಕಾಯ್ದೆ ರದ್ದಾಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. 2023ರ ದೂರಸಂಪರ್ಕ ಕಾಯ್ದೆ ಬಂದದ್ದು ನಿಜ, ಆದರೆ ಹಳೆಯ ಕಾಯ್ದೆಯ ಮೂರನೇ ಭಾಗವನ್ನು ವಿದ್ಯುತ್ ಲೈನಿಗಾಗಿಯೇ ಅದರಲ್ಲಿ ಉಳಿಸಿಕೊಂಡಿದ್ದಾರೆ. ಹಾಗಾಗಿ ನೀವು ಮೊದಲು ಕೇಳಬೇಕಾದ ಕಾಗದ 164ರ ಆದೇಶದ ಪ್ರತಿ ಮತ್ತು ಅದಕ್ಕೆ ಮುಂಚೆ ಪತ್ರಿಕೆಯಲ್ಲಿ ಬಂದ, ಗ್ರಾಮಗಳ ಹೆಸರಿರುವ ಪ್ರಕಟಣೆ. ಮಾಹಿತಿ ಹಕ್ಕಿನಡಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಆದೇಶ ಇದ್ದು, ನೀವು ತಡೆದು, ಜಿಲ್ಲಾಧಿಕಾರಿ ಟೆಲಿಗ್ರಾಫ್ ಕಾಯ್ದೆಯ 16(1)ರಡಿ ಅನುಮತಿಯನ್ನೂ ಕೊಟ್ಟ ಮೇಲೆ ಅಡ್ಡ ನಿಂತರೆ ಅದು ಅಪರಾಧವಾಗುತ್ತದೆ. ಪೊಲೀಸ್ ಬಂದೋಬಸ್ತಿನಲ್ಲಿ ಕೆಲಸ ನಡೆಯುವುದು ಈ ಹಂತದಲ್ಲಿ.

ಸಾರ್ವಜನಿಕ ಅಹವಾಲು ನಡೆಯದೇ ಇರುವುದಕ್ಕೆ ಕಾರಣ ಸರಳ: 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ ಲೈನುಗಳೇ ಇಲ್ಲ. ಸ್ಥಾವರಕ್ಕೆ ಅಹವಾಲು ಉಂಟು, ಅದರಿಂದ ಹೊರಡುವ ತಂತಿಗೆ ಇಲ್ಲ. ಗುಡ್ಡ, ಬಯಲು, ತೋಟ ಸೇರಿದ ಊರಿನ ಚೆಲುವಿಗೆ ನಮ್ಮ ಕಾನೂನಿನಲ್ಲಿ ಒಂದು ಕಾಲಂ ಕೂಡ ಇಲ್ಲ. ಇದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಆದರೆ ಆಕ್ಷೇಪಣೆಯಲ್ಲಿ ‘ಪ್ರಕೃತಿ ಸೌಂದರ್ಯ ಹಾಳಾಗುತ್ತದೆ’ ಎಂದು ಬರೆದರೆ ಓದುವ ಅಧಿಕಾರಿಗೆ ಏನು ಮಾಡಬೇಕೆಂದೇ ತಿಳಿಯದು. ಅದರ ಬದಲು ನಾಗಬನ, ದೈವಸ್ಥಾನ, ಶಾಲೆ, ಕೆರೆ, ನೀರಿನ ಸುರಂಗ, ಮನೆ, ಇವು ಯಾವ ಸರ್ವೆ ನಂಬರಿನಲ್ಲಿವೆ, ಗೂಟದಿಂದ ಎಷ್ಟು ಮೀಟರ್ ಎಂದು ಬರೆಯಿರಿ. ಕಾಡು ದಾಟುವ ಕಡೆ ಅರಣ್ಯ ಅನುಮತಿ ಬೇಕೇ ಬೇಕು. ಆ ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನಕ್ಷೆ ಸಹಿತ ಸಿಗುತ್ತದೆ, ಪರ್ಯಾಯ ದಾರಿಗಳನ್ನು ಯಾಕೆ ಬಿಟ್ಟರು ಎಂಬ ವಿವರಣೆಯೂ ಅದರಲ್ಲಿರುತ್ತದೆ. ರಸ್ತೆ, ವಿದ್ಯುತ್ ಲೈನಿನಂಥ ಉದ್ದನೆಯ ಯೋಜನೆಗಳಿಗೆ ಗ್ರಾಮಸಭೆಯ ಒಪ್ಪಿಗೆಯಿಂದ 2013ರಲ್ಲಿ ಕೇಂದ್ರ ವಿನಾಯಿತಿ ಕೊಟ್ಟಿದೆ, ಆದರೆ ಅತಿ ಹಿಂದುಳಿದ ಬುಡಕಟ್ಟುಗಳ ಅರಣ್ಯ ಹಕ್ಕಿಗೆ ಧಕ್ಕೆ ಬರುವಲ್ಲಿ ಅದು ಅನ್ವಯಿಸದು. ಕೊರಗರು ಆ ಪಟ್ಟಿಯಲ್ಲಿದ್ದಾರೆ. ನಿಮ್ಮ ಕಡೆ ಕೊರಗರಿಗೆ ಅರಣ್ಯ ಹಕ್ಕುಪತ್ರ ಸಿಕ್ಕಿದ ಕಾಡಿನ ಮೇಲೆ ಗೆರೆ ಹೋಗುತ್ತಿದೆಯೇ ನೋಡಿ.

ಈಗ ಮುಖ್ಯ ಮಾತು. ‘ದಾರಿ ಸರ್ಕಾರವೇ ಹಾಕಿದ್ದು, ಬದಲಿಸುವಂತಿಲ್ಲ’ ಎಂದು ಸರ್ವೆಯವರು ಹೇಳಿದರೆ ನಂಬಬೇಡಿ. ಉಡುಪಿ ಜಿಲ್ಲೆಯ ಎಲ್ಲೂರಿನ ವಿದ್ಯುತ್ ಸ್ಥಾವರದಿಂದ ಕಾಸರಗೋಡಿನ ಕರಿಂದಳಂವರೆಗಿನ ಈ ಸುಮಾರು 115 ಕಿ.ಮೀ. ಲೈನ್ 2019ರಲ್ಲಿ ಪೈಪೋಟಿ ಟೆಂಡರಿನಲ್ಲಿ ಖಾಸಗಿ ಕಂಪನಿಗೆ ಹೋದದ್ದು. ಇಂಥ ಟೆಂಡರಿನಲ್ಲಿ ಕೊಡುವ ದಾರಿ ತಾತ್ಕಾಲಿಕ. ಎರಡು ತುದಿ ಮಾತ್ರ ಗಟ್ಟಿ, ನಡುವಿನ ದಾರಿ ಆರಿಸುವ ಹೊಣೆ ಗುತ್ತಿಗೆ ಪಡೆದವರದು. ಲೈನ್ ಚಾಲೂ ಆಗುವವರೆಗೆ ಅವರಿಗೆ ಆದಾಯವಿಲ್ಲ, ತಡವಾದಷ್ಟೂ ಬಡ್ಡಿ. ಹಾಗಾಗಿ ಸಣ್ಣ ಬದಲಾವಣೆಗೆ ಅವರು ಒಪ್ಪುತ್ತಾರೆ, ಆದರೆ ಅಡಿಪಾಯದ ಗುಂಡಿ ತೋಡುವ ಮೊದಲು. ಗೂಟ ಬಿದ್ದ ಮೇಲೆ ಚೆಕ್ ಸರ್ವೆ ಎಂಬ ಇನ್ನೊಂದು ಸುತ್ತು ಇರುತ್ತದೆ. ನಿಮಗಿರುವ ಸಮಯ ಅದೇ.

ಏನು ಕೇಳಬಹುದು ಎಂದು ತಿಳಿಯಲು ಲೈನಿನ ಅಂಗರಚನೆ ಗೊತ್ತಿರಬೇಕು. ಎರಡು ತಿರುವುಗಳ ನಡುವೆ ಗೆರೆ ನೇರ. ಟವರಿನಿಂದ ಟವರಿಗೆ ಸುಮಾರು 400 ಮೀಟರ್. ನೇರ ಗೆರೆಯ ಮೇಲಿನ ಟವರನ್ನು ಹಿಂದೆ ಮುಂದೆ ಸರಿಸುವುದು ಸುಲಭ. ತೋಟದ ನಡುವಿನ ಟವರನ್ನು ಅದೇ ಗೆರೆಯ ಮೇಲಿನ ಪಾಳು ನೆಲಕ್ಕೆ ಒಯ್ಯಿರಿ ಎಂದರೆ ಹೆಚ್ಚು ಖರ್ಚಿಲ್ಲ. ಪಕ್ಕಕ್ಕೆ ಸರಿಸುವುದು ಬೇರೆ ಲೆಕ್ಕ. ಸಾಮಾನ್ಯ ಟವರ್ 2 ಡಿಗ್ರಿಯವರೆಗಿನ ತಿರುವನ್ನಷ್ಟೇ ತಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ತೂಕದ, ದುಬಾರಿ ಟವರ್ ಬೇಕು. ತಿರುವಿನ ಟವರನ್ನೇ 40 ಮೀಟರ್ ಸರಿಸಿದರೆ, ಮುಂದಿನ ತಿರುವು 2 ಕಿ.ಮೀ. ಆಚೆಗಿದ್ದಲ್ಲಿ, ಗೆರೆ ವಾಲುವುದು ಒಂದು ಡಿಗ್ರಿಗಿಂತ ಚೂರು ಹೆಚ್ಚು. ಸರಿ ನಡುವಿನ ತೋಟಕ್ಕೆ ಅದರಿಂದ 20 ಮೀಟರ್ ಬಿಡುವು ಸಿಗುತ್ತದೆ. ಆ 20 ಮೀಟರ್ ನೆರೆಯವರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬೇಡಿ. ಎರಡು ತಿರುವುಗಳ ನಡುವಿನ ಎಲ್ಲ ಮನೆಯವರೂ ಒಂದೇ ಅರ್ಜಿಗೆ ಸಹಿ ಹಾಕದಿದ್ದರೆ, ಒಬ್ಬರ ಆಕ್ಷೇಪಣೆ ಇನ್ನೊಬ್ಬರ ತೋಟಕ್ಕೆ ದಾರಿ ತೋರಿಸಿದಂತಾಗುತ್ತದೆ. ಊರು ಒಡೆಯುವುದು ಇಲ್ಲೇ.

ನಮ್ಮ ಕರಾವಳಿಯಲ್ಲಿ ಇನ್ನೂ ಒಳ್ಳೆಯ ಬೇಡಿಕೆಯೊಂದಿದೆ, ಅದನ್ನು ಯಾಕೋ ಯಾರೂ ಕೇಳುವುದಿಲ್ಲ. ತೋಟ ಇರುವುದು ತಗ್ಗಿನಲ್ಲಿ, ಗುಡ್ಡ ಎರಡೂ ಬದಿಗೆ. 400 ಕೆ.ವಿ. ತಂತಿ ನೆಲದಿಂದ ಕನಿಷ್ಠ 8.84 ಮೀಟರ್ ಎತ್ತರದಲ್ಲಿರಬೇಕು, ಮರದ ತುದಿಗೂ ತಂತಿಗೂ 5.5 ಮೀಟರ್ ಅಂತರ ಬೇಕು. ಕನಿಷ್ಠ ಎತ್ತರಕ್ಕೇ ಕಟ್ಟಿದರೆ ಅಡಿಯಲ್ಲಿ ಮೂರು ಮೀಟರಿನ ಗಿಡ ಮಾತ್ರ ಬದುಕೀತು. ಆದರೆ ಟವರುಗಳನ್ನು ಎರಡೂ ಗುಡ್ಡಗಳ ನೆತ್ತಿಗೆ ಇಟ್ಟು, ಕಾಲಿಗೆ ಎಕ್ಸ್‌ಟೆನ್ಶನ್ ಕೊಟ್ಟರೆ, ತಗ್ಗಿನ ತೋಟದ ಮೇಲೆ ತಂತಿ 25–30 ಮೀಟರ್ ಎತ್ತರದಲ್ಲಿ ಹಾದುಹೋಗಬಹುದು. 15 ಮೀಟರಿನ ಅಡಿಕೆ ಮರಕ್ಕೆ ಬೇಕಾದದ್ದು 20.5 ಮೀಟರ್, ಮುಂದಿನ ಬೆಳವಣಿಗೆಗೆ ಇನ್ನೊಂದಿಷ್ಟು. ಅಂದರೆ ಕಡಿಯುವ ಅಗತ್ಯವೇ ಬೀಳದಿರಬಹುದು. ಗುಡ್ಡಗಾಡಿನಲ್ಲಿ ಸಾಕಷ್ಟು ಅಂತರ ಇರುವೆಡೆ ಮರ ಕಡಿಯಬಾರದು ಎಂಬ ಸೂಚನೆ ಅರಣ್ಯದ ಮಾರ್ಗಸೂಚಿಯಲ್ಲಿಯೇ ಇದೆ. ಖಾಸಗಿ ತೋಟಕ್ಕೂ ಅದನ್ನೇ ಕೇಳಿ. ನಿಮ್ಮ ಸರ್ವೆ ನಂಬರಿನ ಮೇಲೆ ತಂತಿಯ ಜೋಲು ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಪ್ರೊಫೈಲ್ ಶೀಟನ್ನು ಲಿಖಿತವಾಗಿ ಕೇಳಿ ಪಡೆಯಿರಿ. ತಂತಿ ಎಳೆಯುವಾಗ ಮೊದಲ ಹಗ್ಗವನ್ನು ಡ್ರೋನಿನಲ್ಲಿ ದಾಟಿಸಿ ಎಂದೂ ಸೇರಿಸಿ, ಇಲ್ಲದಿದ್ದರೆ ಅದನ್ನು ತೋಟದ ನಡುವೆಯೇ ಎಳೆದುಕೊಂಡು ಹೋಗುತ್ತಾರೆ.

ನೆಲದಡಿ ಕೇಬಲ್: ಕೇರಳದ ಉದಾಹರಣೆ ನಿಜವೇ. 2021ರಲ್ಲಿ ಉದ್ಘಾಟನೆಯಾದ ಪುಗಲೂರು–ತ್ರಿಶೂರ್ ಲೈನಿನ ತ್ರಿಶೂರ್ ಕಡೆಯ ಭಾಗ ರಸ್ತೆ ಬದಿಯ ನೆಲದಡಿ ಹೋಗಿದೆ. ಆದರೆ ಅದು 320 ಕೆ.ವಿ.ಯ ಡಿ.ಸಿ. (ಏಕಮುಖ ವಿದ್ಯುತ್) ಲೈನ್, ಎರಡೂ ತುದಿಯಲ್ಲಿ ದೊಡ್ಡ ಪರಿವರ್ತನಾ ಕೇಂದ್ರಗಳಿವೆ. ನಿಮ್ಮದು ಎ.ಸಿ. (ಪರ್ಯಾಯ ವಿದ್ಯುತ್) ಲೈನ್. ಎ.ಸಿ. ಕೇಬಲ್ ಉದ್ದವಾದಷ್ಟೂ ಕೇಬಲನ್ನು ತುಂಬಲೇ ಕರೆಂಟು ವ್ಯಯವಾಗುತ್ತದೆ, ನಡುವೆ ಅದನ್ನು ಸರಿದೂಗಿಸುವ ರಿಯಾಕ್ಟರ್ ಎಂಬ ಉಪಕರಣ ಕೂರಿಸಬೇಕು, ಖರ್ಚು ಹಲವು ಪಟ್ಟು. 115 ಕಿ.ಮೀ.ಗೆ ಕೇಳಿದರೆ ಕಡತ ಮೊದಲ ಮೇಜಿನಲ್ಲೇ ನಿಲ್ಲುತ್ತದೆ. ಮನೆ ದಟ್ಟವಾಗಿರುವ ಒಂದೆರಡು ಕಿ.ಮೀ.ಗೆ ಕೇಳುವುದಾದರೆ ವಾದಕ್ಕೆ ಬೆಲೆ ಇದೆ. ಕೇಬಲ್ ಮೇಲೂ ಆಳ ಬೇರಿನ ಮರ ಬೆಳೆಸುವಂತಿಲ್ಲ ಎಂಬುದು ಗೊತ್ತಿರಲಿ. ಹಳೆಯ ಲೈನಿನ ಕಾರಿಡಾರನ್ನೇ (ತಂತಿ ಹಾದುಹೋಗುವ ಜಾಗದ ಪಟ್ಟಿ) ಬಳಸಿ ಎಂಬ ಬೇಡಿಕೆ ಇದಕ್ಕಿಂತ ಗಟ್ಟಿ. ಗೋವಾದ ಮೊಲೆಮ್ ಕಾಡಿನ 400 ಕೆ.ವಿ. ಲೈನಿನ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರಲ್ಲಿ ಹೇಳಿದ್ದು ಅದನ್ನೇ.

ಪರಿಹಾರ. ಕೇಂದ್ರ ಇಂಧನ ಸಚಿವಾಲಯದ 2024ರ ಜೂನ್ ಮಾರ್ಗಸೂಚಿಯಲ್ಲಿ ಟವರ್ ಬುಡಕ್ಕೆ ಭೂಮಿ ಬೆಲೆಯ 200%, ಕಾರಿಡಾರಿಗೆ 30% ಎಂದಿದೆ. 2015ರಲ್ಲಿ ಇವು 85% ಮತ್ತು ಹೆಚ್ಚೆಂದರೆ 15% ಇದ್ದವು. ನಿಮ್ಮ ಜಿಲ್ಲಾಧಿಕಾರಿಯ ಆದೇಶ ಯಾವುದನ್ನು ಹಿಡಿದಿದೆ ಎಂದು ನೋಡಿ. ಬುಡ ಎಂದರೆ ನಾಲ್ಕು ಕಾಲುಗಳ ನಡುವಿನ ಜಾಗಕ್ಕೆ ಎಲ್ಲ ಬದಿಗೂ ಒಂದು ಮೀಟರ್ ಸೇರಿಸಿದ್ದು: 15 ಮೀಟರ್ ಚೌಕ ಇದ್ದರೆ ಅಳೆಯಬೇಕಾದದ್ದು 17 ಮೀಟರ್, ಅಂದರೆ 7 ಸೆಂಟ್ಸ್ ಚಿಲ್ಲರೆ (ಒಂದು ಎಕರೆಗೆ ನೂರು ಸೆಂಟ್ಸ್). ಕಾರಿಡಾರಿನ ಅಗಲ 46 ಮೀಟರ್. ನಿಮ್ಮ ಜಾಗದಲ್ಲಿ ಲೈನ್ 100 ಮೀಟರ್ ಹಾದರೆ ಸುಮಾರು 114 ಸೆಂಟ್ಸ್. ಲೆಕ್ಕಕ್ಕೆ ಸೆಂಟ್ಸಿಗೆ 10,000 ರೂಪಾಯಿ ಹಿಡಿದರೆ ಕಾರಿಡಾರಿಗೆ ಬರುವುದು ಸುಮಾರು 3.4 ಲಕ್ಷ. ಅದೇ 114 ಸೆಂಟ್ಸಿನಲ್ಲಿ ಒಂಬತ್ತು ಅಡಿ ಅಂತರದ ಅಡಿಕೆ ಮರ 600ಕ್ಕೂ ಹೆಚ್ಚು. ಗದ್ದೆಯವನಿಗೆ ಉತ್ತು ಬಿತ್ತಲು ನೆಲ ಉಳಿಯುತ್ತದೆ, ಅವನ ಮಟ್ಟಿಗೆ 30% ಸರಿ ಇರಬಹುದು. ತೋಟದವನಿಗೆ ಹೋಗುವುದು ನೂರಕ್ಕೆ ನೂರು. ಹಾಗಾಗಿ ತೋಟಗಾರಿಕೆ ಇಲಾಖೆ ಹಾಕುವ ಮರದ ಬೆಲೆಯೇ ನಿಮ್ಮ ನಿಜವಾದ ಪರಿಹಾರ.

ಅದರಲ್ಲಿ ತಪ್ಪುವುದು ಹೀಗೆ. ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವಿನ ಕೊಕ್ಕೋ, ಬಾಳೆ, ಎಳೆ ಸಸಿ ಮಹಜರಿನಲ್ಲಿ ಬಿಟ್ಟುಹೋಗುತ್ತವೆ. ಸ್ಪ್ರಿಂಕ್ಲರ್ ಪೈಪು, ಬಸಿಗಾಲುವೆ ಕೂಡ. ಪಹಣಿಯ ಬೆಳೆ ಕಾಲಂನಲ್ಲಿ ಇನ್ನೂ ಭತ್ತ ಎಂದೇ ಇರುತ್ತದೆ. ಬೆಳೆ ಸಮೀಕ್ಷೆಯಲ್ಲಿ ಈಗಲೇ ಸರಿಪಡಿಸಿ. ಕಾರಿಡಾರಿನ ಅಂಚಿನಲ್ಲಿ ಉಳಿದ ಸಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಷ್ಟು ದಿನ ನೆರಳಲ್ಲಿದ್ದ ಕಾಂಡಕ್ಕೆ ನೈರುತ್ಯದ ಬಿಸಿಲು ನೇರ ಹೊಡೆದರೆ ಸುಟ್ಟು ಸೀಳುತ್ತದೆ. ಆ ಸಾಲನ್ನೂ ಪಟ್ಟಿಯಲ್ಲಿ ಬರೆಸಿ, ಕಡಿದ ವರ್ಷವೇ ಸೋಗೆ ಕಟ್ಟಿ. ಕುಮ್ಕಿಯ ನೆಲಕ್ಕೆ ಬೆಲೆ ಸಿಗದು, ಅದು ಸರ್ಕಾರದ್ದು, ವರ್ಗದಾರನಿಗಿರುವುದು ಬಳಕೆಯ ಹಕ್ಕು. ಅಲ್ಲಿ ನೀವು ಬೆಳೆಸಿದ್ದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಸಿ, ವರ್ಗದ ಜಾಗದ ಜತೆ ಬೆರೆಸಿದರೆ ಇಡೀ ಕಡತಕ್ಕೆ ತಕರಾರು. ಪಹಣಿ ಅಜ್ಜನ ಹೆಸರಲ್ಲೇ ಇದ್ದರೆ ಹಣ ಹಂಚಿಕೆಯ ಜಗಳ 16(4)ರಡಿ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಿ ಕೂರುತ್ತದೆ.

ಸಹಿಯ ವಿಷಯ: ಮಹಜರಿಗೆ ಸಹಿ ಹಾಕುವಾಗ ‘ಲೈನಿಗೆ ಮತ್ತು ಮೊತ್ತಕ್ಕೆ ನನ್ನ ಆಕ್ಷೇಪಣೆ ಕಾಯ್ದಿರಿಸಿ, ಎಣಿಕೆಗೆ ಮಾತ್ರ ಸಹಿ’ ಎಂದು ಕೈಯಲ್ಲೇ ಬರೆದು, ಪ್ರತಿ ಕೇಳಿ, ಫೋಟೊ ತೆಗೆದಿಡಿ. ಚೆಕ್ ತೆಗೆದುಕೊಳ್ಳುವಾಗಲೂ ಹಾಗೆಯೇ. ಮೊತ್ತ ಸಾಲದೆಂದರೆ 16(3)ರಡಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ಮರದ ಜತೆಗೆ ಭೂಮಿಯ ಮೌಲ್ಯ ಇಳಿದದ್ದಕ್ಕೂ ಪರಿಹಾರ ಕೇಳಬಹುದು, ಜಾಗ ಎಲ್ಲಿದೆ, ತಂತಿ ಎಷ್ಟು ದೂರ, ನೆಲದ ಬಳಕೆ ಏನು ಎಂಬುದನ್ನೆಲ್ಲ ನೋಡಬೇಕು ಎಂದು 2007ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಿಲ್ಲಾ ನ್ಯಾಯಾಧೀಶರ ತೀರ್ಮಾನವೇ ಕೊನೆ, ಸಾಮಾನ್ಯ ಮೇಲ್ಮನವಿ ಇಲ್ಲ. ಅದಕ್ಕೇ ಎಣಿಕೆಯ ಪಟ್ಟಿ ಗಟ್ಟಿಯಿರಲಿ ಎಂದದ್ದು.

ಲೈನ್ ಚಾಲೂ ಆದರೆ ಒಂದು ಎಚ್ಚರಿಕೆ, ಇದನ್ನು ಕೊಯ್ಲಿನವರಿಗೂ ಮದ್ದು ಬಿಡುವವರಿಗೂ ಹೇಳಿ. ಕಾರ್ಬನ್ ಫೈಬರ್ ದೋಟಿ (ಕೊಯ್ಲಿನ ಉದ್ದ ಕೋಲು) ವಿದ್ಯುತ್ ಹರಿಸುತ್ತದೆ. ತಂತಿಗೆ ತಾಗಬೇಕೆಂದಿಲ್ಲ, ಹತ್ತಿರ ಹೋದರೂ ಸಾಕು. ಕಾರಿಡಾರಿನ ಅಂಚಿನ ಮರಗಳಿಗೆ ಅದನ್ನು ಎತ್ತಲೇಬೇಡಿ. ತಂತಿಯ ಅಡಿಯ ಮುಳ್ಳುತಂತಿ ಬೇಲಿ ಮತ್ತು ಕಬ್ಬಿಣದ ಪೈಪುಗಳಿಗೆ ಅರ್ಥಿಂಗ್ ಮಾಡಿಸಿಕೊಡುವಂತೆ ಕಂಪನಿಯಿಂದ ಬರೆಸಿಕೊಳ್ಳಿ.